ನ್ಯಾಟೋ ಮೇಲೆ ಡೌಟು ಪಡಿ, ಆದರೆ ಪುಟಿನ್ ಭಜನೆ ಮಾಡದೆ ಪಡಿ

ಮಂಗಳೂರಿನ ಹೋಟೆಲಿನಲ್ಲಿ ಬನ್ಸ್ ಟೇಬಲ್ಲಿಗೆ ಬರುವಷ್ಟರಲ್ಲಿ ರಷ್ಯಾ-ಉಕ್ರೇನ್ ಯುದ್ಧದ ತೀರ್ಪು ಆಗಿಬಿಟ್ಟಿರುತ್ತದೆ. ಒಬ್ಬರು 'ಎಲ್ಲಾ ಅಮೆರಿಕದ ಆಟ ಮಾರಾಯ್ರೇ' ಅನ್ನುತ್ತಾರೆ. ಇನ್ನೊಬ್ಬರು, ಹೆಚ್ಚಾಗಿ ಮಗ ಜರ್ಮನಿಯಲ್ಲೋ ಐರ್ಲೆಂಡಿನಲ್ಲೋ ಇರುವವರು, 'ಆ ಪುಟಿನ್‌ಗೆ ತಲೆ ಸರಿ ಇಲ್ಲ' ಅನ್ನುತ್ತಾರೆ. ಅಲ್ಲಿಗೆ ಚರ್ಚೆ ಮುಗಿಯಿತು. ಚಾ ಬರುತ್ತದೆ, ಮಾತು ಅಡಿಕೆ ರೇಟಿಗೆ ಹೋಗುತ್ತದೆ.

ನಾನು ಮೊದಲನೆಯವರ ಕಡೆಗೇ ಸ್ವಲ್ಪ ವಾಲುವವನು, ಅದನ್ನು ಈಗಲೇ ಹೇಳಿಬಿಡುತ್ತೇನೆ. 2003ರ ಫೆಬ್ರವರಿಯಲ್ಲಿ ಅಮೆರಿಕದ ವಿದೇಶಾಂಗ ಕಾರ್ಯದರ್ಶಿ ಕಾಲಿನ್ ಪೊವೆಲ್ ವಿಶ್ವಸಂಸ್ಥೆಯ ಭದ್ರತಾ ಮಂಡಳಿಯಲ್ಲಿ ಕೂತು ಇರಾಕಿನಲ್ಲಿ ಸಾಮೂಹಿಕ ವಿನಾಶದ ಅಸ್ತ್ರಗಳಿವೆ ಅಂತ ಇಡೀ ಜಗತ್ತಿಗೆ ಹೇಳಿದರು. ಯುದ್ಧ ಆಯಿತು, ಅವರು ಹೇಳಿದ ಅಸ್ತ್ರ ಸಿಗಲಿಲ್ಲ. ಇಷ್ಟು ನೋಡಿದ ಮೇಲೂ ವಾಷಿಂಗ್ಟನ್ ಹೇಳಿದ್ದನ್ನೆಲ್ಲ ಹಾಗೇ ನುಂಗುವವರನ್ನು ಕಂಡರೆ ನನಗೆ ಆಶ್ಚರ್ಯ. ಆದರೆ ನಮ್ಮ ಕಡೆಯವರು ವಾದ ಮಾಡುವ ರೀತಿ ನೋಡಿದರೆ ಇನ್ನೂ ಬೇಜಾರು. ಕೈಯಲ್ಲಿ ಒಳ್ಳೆ ಪಾಯಿಂಟು ಇರುತ್ತದೆ, ಅದನ್ನು ಬಿಟ್ಟು ಮೊಬೈಲಿಗೆ ಬಂದ ಹಸಿ ಸುಳ್ಳನ್ನು ಹಿಡಿದುಕೊಂಡು ಸೋಲುತ್ತಾರೆ.

ಹಾಗಾಗಿ ಇದು ಅಂಥವರಿಗೆ. ಪಶ್ಚಿಮದ ದೇಶಗಳ ವಿದೇಶಾಂಗ ನೀತಿಯನ್ನು ಅನುಮಾನಿಸಬೇಕು, ಅದೂ ಎದುರಿನವರು ಸುಮ್ನೆ ಕೈ ಬೀಸಿ ತಳ್ಳಿಹಾಕಲು ಆಗದ ಹಾಗೆ. ಹೇಗೆ ಅಂತ ನೋಡೋಣ.

ಮೊದಲು ಒಂದು ವಾಕ್ಯ ಹೇಳಲು ಕಲಿಯಿರಿ

'2022ರ ಫೆಬ್ರವರಿ 24ಕ್ಕೆ ರಷ್ಯಾ ಪಕ್ಕದ ದೇಶದೊಳಗೆ ಸೈನ್ಯ ನುಗ್ಗಿಸಿತು, ಅದು ತಪ್ಪು.' ಇಷ್ಟೇ. ಇದನ್ನು ಮೊದಲೇ ಹೇಳಿ, 'ಆದರೆ' ಸೇರಿಸಬೇಡಿ, ಪೂರ್ಣವಿರಾಮ ಹಾಕಿ ನಿಲ್ಲಿಸಿ.

ಯಾಕೆ ಅಂದರೆ, ಇದು ನಿಜ. ಉಕ್ರೇನ್ ತನ್ನ ನೆಲದಲ್ಲಿದ್ದ ಸೋವಿಯತ್ ಅಣ್ವಸ್ತ್ರಗಳನ್ನು ಬಿಟ್ಟುಕೊಡಲು ಒಪ್ಪಿದಾಗ, 1994ರ ಡಿಸೆಂಬರ್‌ನಲ್ಲಿ ಬುಡಾಪೆಸ್ಟಿನಲ್ಲಿ ರಷ್ಯಾ, ಅಮೆರಿಕ, ಬ್ರಿಟನ್ ಮೂವರೂ ಆ ದೇಶದ ಗಡಿಯನ್ನು ಗೌರವಿಸುತ್ತೇವೆ ಅಂತ ಸಹಿ ಹಾಕಿದ್ದರು. 1997ರಲ್ಲಿ ರಷ್ಯಾ-ಉಕ್ರೇನ್ ಸ್ನೇಹ ಒಪ್ಪಂದದಲ್ಲೂ ಅದೇ ಮಾತು. ಯುದ್ಧ ಶುರುವಾಗಿ ಒಂದು ವಾರ ಆಗುವ ಮೊದಲೇ, ಮಾರ್ಚ್ 1ಕ್ಕೆ, ಖಾರ್ಕಿವ್‌ನಲ್ಲಿ ಮೆಡಿಕಲ್ ಓದುತ್ತಿದ್ದ ನಮ್ಮ ಹಾವೇರಿ ಜಿಲ್ಲೆಯ ಹುಡುಗ ಶೆಲ್ ದಾಳಿಯಲ್ಲಿ ಸತ್ತ. 'ರಷ್ಯಾ ಮಿಲಿಟರಿ ಜಾಗಗಳಿಗೆ ಮಾತ್ರ ಹೊಡೆಯುತ್ತಿದೆ' ಅಂತ ಆ ವಾರ ಫಾರ್ವರ್ಡ್ ಮಾಡಿದವರು ನಮ್ಮ ಊರಿನಲ್ಲೂ ಇದ್ದರು.

ಒಂದು ಕೆಲಸ ಯಾಕಾಯಿತು ಅಂತ ಹೇಳುವುದು ಬೇರೆ, ಅದು ಸರಿ ಅಂತ ಹೇಳುವುದು ಬೇರೆ. ನಮ್ಮ ವಾದ ಪೂರ್ತಿ ನಿಂತಿರುವುದು ಈ ವ್ಯತ್ಯಾಸದ ಮೇಲೆ. ಅದನ್ನು ಕಲಸಿಬಿಟ್ಟರೆ ಎದುರಿನವರಿಗೆ ಕೆಲಸ ಸಲೀಸು, 'ಓ ನೀವು ಪುಟಿನ್ ಪಾರ್ಟಿಯವರಾ' ಅಂದರೆ ಆಯಿತು.

ಇದಕ್ಕೆ ಮಾದರಿ ಬೇಕಾದರೆ ಮಾರ್ಟಿನ್ ಕಿಮಾನಿ ಅವರ ಭಾಷಣ ಕೇಳಿ. ಆಗ ವಿಶ್ವಸಂಸ್ಥೆಯಲ್ಲಿ ಕೀನ್ಯಾದ ರಾಯಭಾರಿ. ಯುದ್ಧಕ್ಕೆ ಕೆಲವೇ ದಿನ ಮೊದಲು, ರಷ್ಯಾ ಪೂರ್ವ ಉಕ್ರೇನಿನ ಎರಡು ಭಾಗಗಳನ್ನು ಸ್ವತಂತ್ರ ಅಂತ ಮಾನ್ಯ ಮಾಡಿದ ರಾತ್ರಿ ಭದ್ರತಾ ಮಂಡಳಿಯಲ್ಲಿ ಮಾತಾಡಿದರು. ಆಫ್ರಿಕದ ಗಡಿಗಳನ್ನು ಎಳೆದದ್ದು ನಾವಲ್ಲ, ಲಂಡನ್ನು, ಪ್ಯಾರಿಸ್ಸು, ಲಿಸ್ಬನ್ನಿನಲ್ಲಿ ಕೂತವರು. ಆದರೂ ರಕ್ತ ಹರಿಸಿ ಅದನ್ನು ಬದಲಿಸಲು ನಾವು ಹೋಗಲಿಲ್ಲ ಅನ್ನುವುದು ಅವರ ಮಾತಿನ ಸಾರ. ರಷ್ಯಾಕ್ಕೆ ಹೇಳಬೇಕಾದ್ದು ಹೇಳಿದರು. ಅದೇ ಉಸಿರಲ್ಲಿ ಈ ಮಂಡಳಿಯ ಸದಸ್ಯರೂ ಸೇರಿದಂತೆ ದೊಡ್ಡ ದೇಶಗಳು ಅಂತರರಾಷ್ಟ್ರೀಯ ಕಾನೂನನ್ನು ಬೇಕಾದ ಹಾಗೆ ಮುರಿಯುತ್ತಾ ಬಂದಿವೆ ಅಂತಲೂ ಚುಚ್ಚಿದರು. ಅವರನ್ನು ಯಾರೂ ರಷ್ಯಾದ ಏಜೆಂಟ್ ಅನ್ನಲಿಲ್ಲ, ಅನ್ನಲು ಆಗುವಂತೆಯೂ ಇರಲಿಲ್ಲ.

ದೊಡ್ಡ ಮಾತು ಬಿಡಿ, ತಾರೀಕು ಇರುವ ಮಾತು ಹಿಡಿಯಿರಿ

ನಮ್ಮವರ ಅಚ್ಚುಮೆಚ್ಚಿನ ಫಾರ್ವರ್ಡ್ ಒಂದಿದೆ: 'ನ್ಯಾಟೋ ಒಂದು ಇಂಚೂ ಪೂರ್ವಕ್ಕೆ ಬರಲ್ಲ ಅಂತ ಅಮೆರಿಕ ಒಪ್ಪಂದಕ್ಕೆ ಸಹಿ ಹಾಕಿ ಮೋಸ ಮಾಡಿತು.' ನ್ಯಾಟೋ ಅಂದರೆ ಅಮೆರಿಕ, ಯುರೋಪಿನ ದೇಶಗಳು ಸೇರಿ ಮಾಡಿಕೊಂಡ ಮಿಲಿಟರಿ ಕೂಟ. ಈ ಫಾರ್ವರ್ಡನ್ನು ಬಿಚ್ಚಿ ನೋಡೋಣ.

1990ರ ಫೆಬ್ರವರಿ 9. ಮಾಸ್ಕೋ. ಅಮೆರಿಕದ ವಿದೇಶಾಂಗ ಕಾರ್ಯದರ್ಶಿ ಜೇಮ್ಸ್ ಬೇಕರ್, ಸೋವಿಯತ್ ನಾಯಕ ಗೋರ್ಬಚೆವ್ ಎದುರು ಕೂತು ನ್ಯಾಟೋ ವ್ಯಾಪ್ತಿ ಪೂರ್ವಕ್ಕೆ ಒಂದು ಇಂಚೂ ಸರಿಯುವುದಿಲ್ಲ ಅನ್ನುವ ಅರ್ಥದ ಮಾತು ಆಡಿದ್ದು ನಿಜ. ಆ ಮಾತುಕತೆಯ ಟಿಪ್ಪಣಿಗಳು ಹೊರಬಂದಿವೆ, ಯಾರು ಬೇಕಾದರೂ ಓದಬಹುದು. ಆದರೆ ಅವತ್ತಿನ ವಿಷಯ ಜರ್ಮನಿಯ ಏಕೀಕರಣ. ಸೋವಿಯತ್ ಕಡೆಯ ಮಿಲಿಟರಿ ಕೂಟವಾದ ವಾರ್ಸಾ ಒಕ್ಕೂಟ ಆಗಿನ್ನೂ ಬದುಕಿತ್ತು, ಸೋವಿಯತ್ ಒಕ್ಕೂಟವೂ ಇತ್ತು. ಅದೇ ಸೆಪ್ಟೆಂಬರ್‌ನಲ್ಲಿ ಸಹಿಯಾದ ಜರ್ಮನಿಯ ಒಪ್ಪಂದದಲ್ಲಿ ಪೂರ್ವ ಜರ್ಮನಿಯಲ್ಲಿ ವಿದೇಶಿ ಸೈನ್ಯ ನಿಲ್ಲಿಸಬಾರದು ಅಂತ ಇದೆ. ಪೋಲೆಂಡ್, ಉಕ್ರೇನ್ ಬಗ್ಗೆ ಒಂದಕ್ಷರ ಇಲ್ಲ. ಗೋರ್ಬಚೆವ್ ಅವರೇ 2014ರಲ್ಲಿ, ಪೂರ್ವದ ದೇಶಗಳಿಗೆ ನ್ಯಾಟೋ ವಿಸ್ತರಿಸುವ ವಿಷಯ ಆಗ ಚರ್ಚೆಗೇ ಬಂದಿರಲಿಲ್ಲ ಅಂದರು. ಆದರೆ ಅದೇ ಸಂದರ್ಶನದಲ್ಲಿ ಆಮೇಲೆ ವಿಸ್ತರಿಸಿದ್ದು ನಮಗೆ ಕೊಟ್ಟ ಭರವಸೆಗಳ ಆಶಯಕ್ಕೆ ವಿರುದ್ಧ ಅಂತಲೂ ಹೇಳಿದರು.

ಈಗ ಫಾರ್ವರ್ಡನ್ನು ತಿದ್ದಿ ಬರೆಯಿರಿ: 'ಬಾಯಿಮಾತಿನಲ್ಲಿ ಭರವಸೆ ಕೊಟ್ಟರು, ಬರವಣಿಗೆಯಲ್ಲಿ ಕೊಡಲಿಲ್ಲ, ಸೋವಿಯತ್ ಒಕ್ಕೂಟ ಬಿದ್ದ ಮೇಲೆ ಆ ಮಾತನ್ನು ಮರೆತರು.' ಕೇಳಲು ಅಷ್ಟು ಖಾರ ಇಲ್ಲ. ಆದರೆ ಇದನ್ನು ಯಾರೂ ಸುಳ್ಳು ಅಂತ ಸಾಬೀತು ಮಾಡಲಾರರು. ನಿಮಗೆ ಬೇಕಾದ್ದು ಅದೇ ಅಲ್ವಾ?

ಇದಕ್ಕಿಂತ ಗಟ್ಟಿ ಪಾಯಿಂಟು 2008ರದ್ದು. ನಮ್ಮವರು ಇದನ್ನು ಯಾಕೆ ಎತ್ತುವುದಿಲ್ಲವೋ ಗೊತ್ತಿಲ್ಲ, ಬಹುಶಃ ಒಂದೇ ಸಾಲಿನಲ್ಲಿ ಹೇಳಲು ಬರುವುದಿಲ್ಲ ಅಂತ ಇರಬೇಕು. ಆ ವರ್ಷ ಏಪ್ರಿಲ್‌ನಲ್ಲಿ ರೊಮೇನಿಯಾದ ಬುಕಾರೆಸ್ಟಿನಲ್ಲಿ ನ್ಯಾಟೋ ಶೃಂಗಸಭೆ. ಉಕ್ರೇನ್, ಜಾರ್ಜಿಯಾ ಎರಡನ್ನೂ ಒಳಗೆ ತರುವ ದಾರಿ ಈಗಲೇ ತೆರೆಯಬೇಕು ಅಂತ ಅಮೆರಿಕದ ಅಧ್ಯಕ್ಷ ಜಾರ್ಜ್ ಬುಷ್ ಹಟ. ಬೇಡ ಅಂತ ಜರ್ಮನಿಯ ಮರ್ಕೆಲ್, ಫ್ರಾನ್ಸಿನ ಸರ್ಕೋಜಿ. ಕೊನೆಗೆ ಇಬ್ಬರನ್ನೂ ಸಮಾಧಾನ ಮಾಡುವಂಥ ಒಂದು ವಾಕ್ಯ ಬರೆದರು: ಈ ಎರಡು ದೇಶಗಳು ನ್ಯಾಟೋ ಸದಸ್ಯರಾಗುತ್ತವೆ. ಯಾವಾಗ? ಅದು ಇಲ್ಲ. ಹೇಗೆ? ಅದಕ್ಕೆ ಬೇಕಾದ ಕಾರ್ಯಯೋಜನೆಯನ್ನೂ ಕೊಡಲಿಲ್ಲ. ಅಂದರೆ ರಷ್ಯಾವನ್ನು ಕೆರಳಿಸಲು ಎಷ್ಟು ಬೇಕೋ ಅಷ್ಟು ಹೇಳಿದರು, ಉಕ್ರೇನನ್ನು ಕಾಪಾಡಲು ಏನು ಬೇಕೋ ಅದನ್ನು ಕೊಡಲಿಲ್ಲ. ಅದೇ ಆಗಸ್ಟಿನಲ್ಲಿ ಜಾರ್ಜಿಯಾದಲ್ಲಿ ಯುದ್ಧ.

ಇದರ ಅಪಾಯ ಅವರಿಗೆ ಗೊತ್ತಿರಲಿಲ್ಲ ಅಂತಲೂ ಹೇಳುವ ಹಾಗಿಲ್ಲ. ಆಗ ಮಾಸ್ಕೋದಲ್ಲಿ ಅಮೆರಿಕದ ರಾಯಭಾರಿಯಾಗಿದ್ದವರು ವಿಲಿಯಂ ಬರ್ನ್ಸ್, ಮುಂದೆ ಸಿಐಎ ಮುಖ್ಯಸ್ಥರಾದವರು. ಉಕ್ರೇನಿನ ನ್ಯಾಟೋ ಪ್ರವೇಶ ಪುಟಿನ್ ಒಬ್ಬರಿಗಲ್ಲ, ರಷ್ಯಾದ ಇಡೀ ಆಳುವ ವರ್ಗಕ್ಕೇ ಕೆಂಪು ಗೆರೆ ಅಂತ ಅವರು 2008ರ ಶುರುವಿನಲ್ಲೇ ತಮ್ಮ ಸರ್ಕಾರಕ್ಕೆ ಬರೆದಿದ್ದರು. ಅದಕ್ಕೂ ಹಿಂದೆ, 1997ರಲ್ಲಿ, ಸೋವಿಯತ್ ಒಕ್ಕೂಟವನ್ನು ಕಟ್ಟಿಹಾಕುವ ನೀತಿಗೆ ತಳಪಾಯ ಹಾಕಿದ ಜಾರ್ಜ್ ಕೆನನ್ ಅವರೇ ನ್ಯಾಟೋ ವಿಸ್ತರಣೆ ಇಡೀ ಶೀತಲ ಸಮರದ ನಂತರದ ಕಾಲದಲ್ಲೇ ದೊಡ್ಡ ತಪ್ಪಾಗುತ್ತದೆ ಅಂತ ಪತ್ರಿಕೆಯಲ್ಲಿ ಬರೆದರು. ನೋಡಿ, ಪಶ್ಚಿಮವನ್ನು ಪ್ರಶ್ನಿಸಲು ಬೇಕಾದ ಅತ್ಯುತ್ತಮ ಸರಕು ಪಶ್ಚಿಮದವರ ಕಪಾಟಿನಲ್ಲೇ ಇದೆ. ಮಾಸ್ಕೋದ ಟೀವಿ ಚಾನೆಲ್ ಯಾಕೆ ಬೇಕು? ಬುಕಾರೆಸ್ಟ್ ಘೋಷಣೆ ನ್ಯಾಟೋದ ಸ್ವಂತ ಜಾಲತಾಣದಲ್ಲೇ ಇದೆ, 23ನೇ ಪ್ಯಾರಾ. ತೆಗೆದು ಓದಿ, ಎರಡು ನಿಮಿಷ ಸಾಕು.

ಎದುರಿನವರ ಅರ್ಥವನ್ನೂ ನೀವೇ ಹೇಳಿ

ನಮ್ಮ ಕರಾವಳಿಯವರಿಗೆ ಇದು ಹೊಸತಲ್ಲ. ತಾಳಮದ್ದಳೆಯಲ್ಲಿ ಒಳ್ಳೆಯ ಅರ್ಥಧಾರಿ ಇವತ್ತು ರಾಮ, ನಾಳೆ ವಾಲಿ. ವಾಲಿಯಾಗಿ ಕೂತಾಗ 'ಮರೆಯಲ್ಲಿ ನಿಂತು ಬಾಣ ಬಿಟ್ಟೆಯಲ್ಲ' ಅಂತ ಕೇಳುವ ಪ್ರಶ್ನೆಗೆ ರಾಮನೇ ಬೆವರಬೇಕು. ಮನೆಯಲ್ಲಿ ಒಮ್ಮೆ ಹೀಗೆ ಮಾಡಿ ನೋಡಿ. ಉಕ್ರೇನಿನ ರಾಜಧಾನಿ ಕೀವ್‌ನವರ ಪಾತ್ರ ಹಿಡಿದು ಹತ್ತು ನಿಮಿಷ ಅರ್ಥ ಹೇಳಿ, ನಿಮ್ಮ ವಾದ ಎಲ್ಲಿ ಸೋರುತ್ತದೆ ಅಂತ ತಾನಾಗಿ ಗೊತ್ತಾಗುತ್ತದೆ.

'ಎಲ್ಲದಕ್ಕೂ ನ್ಯಾಟೋವೇ ಕಾರಣ' ಅನ್ನುವ ಮಾತಿಗೆ ಉಕ್ರೇನಿನವರು ಏನು ಹೇಳುತ್ತಾರೆ ಗೊತ್ತಾ? 2010ರಲ್ಲಿ ಅಧ್ಯಕ್ಷ ಯಾನುಕೋವಿಚ್ ಕಾಲದಲ್ಲಿ ನಾವು ಯಾವ ಮಿಲಿಟರಿ ಕೂಟಕ್ಕೂ ಸೇರುವುದಿಲ್ಲ ಅಂತ ಕಾನೂನೇ ಮಾಡಿದ್ದೆವು. 2014ರ ಮಾರ್ಚ್‌ನಲ್ಲಿ ರಷ್ಯಾ ನಮ್ಮ ಕ್ರಿಮಿಯಾ ಪ್ರದೇಶವನ್ನು ಕಿತ್ತುಕೊಂಡಾಗ ಆ ಕಾನೂನು ಜಾರಿಯಲ್ಲೇ ಇತ್ತು. ಅದನ್ನು ರದ್ದು ಮಾಡಿದ್ದು ಆಮೇಲೆ, ಡಿಸೆಂಬರ್‌ನಲ್ಲಿ. ಇದಕ್ಕೆ ನಿಮ್ಮ ಹತ್ತಿರ ಉತ್ತರ ಉಂಟಾ?

ಇನ್ನೂ ಇದೆ. 1991ರ ಡಿಸೆಂಬರ್‌ನ ಜನಮತದಲ್ಲಿ ಉಕ್ರೇನಿನ ಮತದಾರರಲ್ಲಿ ನೂರಕ್ಕೆ 90ಕ್ಕೂ ಜಾಸ್ತಿ ಜನ ಸ್ವಾತಂತ್ರ್ಯ ಬೇಕು ಅಂದರು, ಕ್ರಿಮಿಯಾದಲ್ಲೂ ಅರ್ಧಕ್ಕಿಂತ ಹೆಚ್ಚು. 2021ರ ಜುಲೈನಲ್ಲಿ ಪುಟಿನ್ ಒಂದು ಉದ್ದ ಲೇಖನ ಬರೆದರು. ರಷ್ಯನ್ನರೂ ಉಕ್ರೇನಿಯನ್ನರೂ ಒಂದೇ ಜನ ಅನ್ನುವುದು ಅದರ ತಿರುಳು. ಯುದ್ಧಕ್ಕೆ ಮೂರು ದಿನ ಮೊದಲಿನ ಭಾಷಣದಲ್ಲಿ ಇಂದಿನ ಉಕ್ರೇನ್ ಲೆನಿನ್ ಸೃಷ್ಟಿ ಅಂದರು. ಇದರಲ್ಲಿ ನ್ಯಾಟೋ ಎಲ್ಲಿದೆ? ಫಿನ್‌ಲ್ಯಾಂಡ್ 2023ರಲ್ಲಿ ನ್ಯಾಟೋ ಸೇರಿತು. ಅವರಿಗೆ ರಷ್ಯಾ ಜೊತೆ 1,300 ಕಿಲೋಮೀಟರಿಗೂ ಉದ್ದದ ಗಡಿ ಇದೆ, ಅಲ್ಲಿ ಯುದ್ಧ ಆಗಲಿಲ್ಲ.

ಇದನ್ನೆಲ್ಲ ಕೇಳಿದ ಮೇಲೂ ಬುಕಾರೆಸ್ಟಿನ ಪಾಯಿಂಟು ಬೀಳುವುದಿಲ್ಲ, ಗಮನಿಸಿ. ಪಶ್ಚಿಮದವರು ಬೇಜವಾಬ್ದಾರಿಯಿಂದ ನಡೆದುಕೊಂಡರು ಅನ್ನುವುದು ಉಳಿಯುತ್ತದೆ. ಬಿದ್ದುಹೋಗುವುದು 'ಪಾಪ, ರಷ್ಯಾಕ್ಕೆ ಬೇರೆ ದಾರಿ ಇರಲಿಲ್ಲ' ಅನ್ನುವ ಮಾತು. ಬೀಳಲಿ ಬಿಡಿ.

ಸುದ್ದಿ ಬಂದ ದಿನ ಬಾಯಿ ಮುಚ್ಚಿಕೊಳ್ಳಿ

2022ರ ನವೆಂಬರ್ 15ಕ್ಕೆ ಪೋಲೆಂಡಿನ ಗಡಿ ಹಳ್ಳಿಯಲ್ಲಿ ಕ್ಷಿಪಣಿ ಬಿದ್ದು ಇಬ್ಬರು ಸತ್ತರು. ದೊಡ್ಡ ಸುದ್ದಿಸಂಸ್ಥೆಯೊಂದು ಅಮೆರಿಕದ ಗುಪ್ತಚರ ಅಧಿಕಾರಿಯೊಬ್ಬರ ಮಾತು ನಂಬಿ ಅದು ರಷ್ಯಾದ ಕ್ಷಿಪಣಿ ಅಂತ ಹಾಕಿತು. ಮೂರನೇ ಮಹಾಯುದ್ಧ ಅಂತ ನಮ್ಮ ಕನ್ನಡ ಚಾನೆಲ್‌ಗಳೂ ಕೆಂಪು ಪಟ್ಟಿ ಓಡಿಸಿದವು. ಮಾರನೇ ದಿನ ನ್ಯಾಟೋದವರೇ ಅದು ಉಕ್ರೇನಿನ ವಾಯುರಕ್ಷಣಾ ಕ್ಷಿಪಣಿ ಇರಬೇಕು ಅಂದರು, ಸುದ್ದಿಸಂಸ್ಥೆ ಸುದ್ದಿ ಹಿಂತೆಗೆದುಕೊಂಡಿತು. ಒಂದು ದಿನ ತಡೆದವರು ಮಾತ್ರ ಬಚಾವ್.

ಯುದ್ಧದ ಶುರುವಿನಲ್ಲಿ 'ಕೀವ್‌ನ ಭೂತ' ಅಂತ ಒಬ್ಬ ಪೈಲಟ್‌ನ ಕಥೆ ಓಡಾಡಿತ್ತು, ಒಬ್ಬನೇ ರಷ್ಯಾದ ಎಷ್ಟೋ ವಿಮಾನ ಉರುಳಿಸಿದ ಅಂತ. ಅದು ಕಟ್ಟುಕಥೆ ಅಂತ ಏಪ್ರಿಲ್ ಕೊನೆಗೆ ಉಕ್ರೇನಿನ ವಾಯುಪಡೆಯೇ ಹೇಳಿತು. ವಿಡಿಯೋಗಳದ್ದಂತೂ ಕೇಳಬೇಡಿ, 'ಆರ್ಮಾ 3' ಅನ್ನುವ ಕಂಪ್ಯೂಟರ್ ಗೇಮಿನ ದೃಶ್ಯಗಳನ್ನು ಎರಡೂ ಕಡೆಯವರು ನಿಜ ಯುದ್ಧ ಅಂತ ಹಂಚಿದ್ದಾರೆ. ವಿಡಿಯೋ ಬಂದರೆ ಒಂದು ಸ್ಕ್ರೀನ್‌ಶಾಟ್ ತೆಗೆದು ಗೂಗಲ್ ಲೆನ್ಸಿಗೆ ಹಾಕಿ. ಹಳೇ ಸಿರಿಯಾದ್ದೋ, ಗೇಮಿನದೋ, ಬೇರೆಲ್ಲಿಯದೋ ಅಂತ ಹೆಚ್ಚಿನ ಸಲ ಗೊತ್ತಾಗುತ್ತದೆ.

ಆದರೆ ಅನುಮಾನ ಅಂದರೆ ಕಣ್ಣು ಮುಚ್ಚಿ ಉಲ್ಟಾ ನಂಬುವುದೂ ಅಲ್ಲ. 2022ರ ಜನವರಿ, ಫೆಬ್ರವರಿಯಲ್ಲಿ ರಷ್ಯಾ ದಾಳಿ ಮಾಡುತ್ತದೆ ಅಂತ ಅಮೆರಿಕ ದಿನಾ ಕೂಗುತ್ತಿತ್ತು. ಅಂಥ ಯೋಚನೆಯೇ ಇಲ್ಲ ಅಂತ ಮಾಸ್ಕೋ ನಗುತ್ತಿತ್ತು. ಇರಾಕ್ ನೆನಪಿದ್ದವರೆಲ್ಲ ಅಮೆರಿಕವನ್ನು ನಂಬಲಿಲ್ಲ. ಆ ಸಲ ಅಮೆರಿಕ ಹೇಳಿದ್ದೇ ನಿಜವಾಯಿತು. ಹಿಂದೆ ಸುಳ್ಳು ಹೇಳಿದವನು ಈಗಲೂ ಸುಳ್ಳೇ ಹೇಳುತ್ತಾನೆ ಅಂತ ಲೆಕ್ಕ ಹಾಕಿದರೆ ಹೀಗಾಗುತ್ತದೆ. ಪ್ರತಿ ಸಲ ಹೊಸದಾಗಿ ನೋಡಬೇಕು, ಬೇರೆ ಶಾರ್ಟ್‌ಕಟ್ ಇಲ್ಲ.

ಹೆಸರು ಬದಲಿಸಿ ನೋಡಿ

ಯಾವುದೇ ಹೇಳಿಕೆ ಬಂದರೆ ಅದರಲ್ಲಿ ದೇಶದ ಹೆಸರು ತೆಗೆದು ಇನ್ನೊಂದು ಹಾಕಿ. ಭದ್ರತಾ ಮಂಡಳಿಯ ಒಪ್ಪಿಗೆ ಇಲ್ಲದೆ ಇನ್ನೊಂದು ದೇಶದ ಮೇಲೆ ಬಾಂಬ್ ಹಾಕಬಾರದು. ಸರಿ, ಹಾಗಾದರೆ 1999ರಲ್ಲಿ ನ್ಯಾಟೋ ಯುಗೊಸ್ಲಾವಿಯಾದ ಮೇಲೆ 78 ದಿನ ಹಾಕಿದ್ದು? ಅಂತರರಾಷ್ಟ್ರೀಯ ಅಪರಾಧ ನ್ಯಾಯಾಲಯ 2023ರ ಮಾರ್ಚ್‌ನಲ್ಲಿ ಪುಟಿನ್ ಮೇಲೆ ವಾರಂಟ್ ಹೊರಡಿಸಿದಾಗ ವಾಷಿಂಗ್ಟನ್ ಚಪ್ಪಾಳೆ ತಟ್ಟಿತು. ಅದೇ ನ್ಯಾಯಾಲಯ 2024ರ ನವೆಂಬರ್‌ನಲ್ಲಿ ಇಸ್ರೇಲಿನ ನೆತನ್ಯಾಹು ಮೇಲೆ ಹೊರಡಿಸಿದ್ದಕ್ಕೆ ಅಮೆರಿಕ ಮರುವರ್ಷ ಆ ನ್ಯಾಯಾಲಯದ ಪ್ರಾಸಿಕ್ಯೂಟರ್, ನ್ಯಾಯಾಧೀಶರ ಮೇಲೇ ನಿರ್ಬಂಧ ಹಾಕಿತು. ಇದಕ್ಕಿಂತ ಚೆನ್ನಾಗಿ ನಿಮ್ಮ ವಾದವನ್ನು ಬೇರೆ ಯಾರು ಮಾಡಿಕೊಡುತ್ತಾರೆ ಹೇಳಿ.

ಆದರೆ ಆಟ ಎರಡೂ ಕಡೆಗೆ ಆಡಬೇಕು. ಇರಾಕಿನ ಮೇಲೆ ಅಮೆರಿಕ ನುಗ್ಗಿದ್ದು ತಪ್ಪು ಅನ್ನುವವರು ಉಕ್ರೇನಿನ ಮೇಲೆ ರಷ್ಯಾ ನುಗ್ಗಿದ್ದನ್ನು ಸರಿ ಅನ್ನಲು ಬರುವುದಿಲ್ಲ. ಅವರು ಮಾಡಿದರು ಅಂತ ಇವರೂ ಮಾಡಿದರೆ ತಪ್ಪು ಎರಡಾಗುತ್ತದೆ, ಅಷ್ಟೇ.

ಎಣ್ಣೆ ವಿಷಯ, ಅಂದರೆ ನಮ್ಮ ಮನೆ ವಿಷಯ

ಇಲ್ಲಿ ನಮ್ಮ ಊರಿನವರಿಗೆ ಬೇರೆಯವರಿಗಿಂತ ಜಾಸ್ತಿ ಮಾತಾಡುವ ಹಕ್ಕಿದೆ. ಸುರತ್ಕಲ್ ಹತ್ತಿರ ಎಂಆರ್‌ಪಿಎಲ್ ಅನ್ನುವ ತೈಲ ಶುದ್ಧೀಕರಣ ಘಟಕ ಇದೆ. ನೆಲದಡಿ ಬಂಡೆ ಕೊರೆದು ಕಚ್ಚಾ ತೈಲ ತುಂಬಿಡುವ ಜಾಗ ಮಂಗಳೂರಿನಲ್ಲೊಂದು, 15 ಲಕ್ಷ ಟನ್ನಿನದು, ಉಡುಪಿ ಜಿಲ್ಲೆಯ ಪಾದೂರಿನಲ್ಲೊಂದು, 25 ಲಕ್ಷ ಟನ್ನಿನದು. ಪಣಂಬೂರಿನ ಹೊರಗೆ ಸಾಲಾಗಿ ನಿಲ್ಲುವ ಟ್ಯಾಂಕರುಗಳನ್ನು ಬೀಚಿಗೆ ಹೋದ ಮಕ್ಕಳೂ ನೋಡಿರುತ್ತಾರೆ. ಜಗತ್ತಿನ ಯಾವ ಮೂಲೆಯಲ್ಲಿ ನಿರ್ಬಂಧ ಬಿದ್ದರೂ ಅದರ ಲೆಕ್ಕ ಇಲ್ಲಿ ಬರುತ್ತದೆ.

ಒಂದು ಕಾಲಕ್ಕೆ ಎಂಆರ್‌ಪಿಎಲ್ ಇರಾನಿನ ತೈಲದ ದೊಡ್ಡ ಗಿರಾಕಿ. 2019ರ ಮೇ ತಿಂಗಳಿಗೆ ಅಮೆರಿಕ ತನ್ನ ಇರಾನ್ ನಿರ್ಬಂಧದಿಂದ ಕೊಟ್ಟಿದ್ದ ವಿನಾಯಿತಿ ಮುಗಿಯಿತು, ಭಾರತ ಇರಾನಿನಿಂದ ತರಿಸುವುದನ್ನು ನಿಲ್ಲಿಸಿತು. ನಾವು ಇರಾನ್ ಜೊತೆ ಜಗಳ ಆಡಿದ್ದಲ್ಲ, ವಿಶ್ವಸಂಸ್ಥೆ ಬೇಡ ಅಂದದ್ದೂ ಅಲ್ಲ. ಅಮೆರಿಕ ಬೇಡ ಅಂದಿತು, ಅಷ್ಟೇ.

ಈಗ ರಷ್ಯಾದ ತೈಲ. ಯುದ್ಧಕ್ಕೆ ಮೊದಲು ಭಾರತ ತರಿಸುವ ತೈಲದಲ್ಲಿ ಅದರ ಪಾಲು ಲೆಕ್ಕಕ್ಕೇ ಇರಲಿಲ್ಲ, ಆಮೇಲೆ ಮೂರನೇ ಒಂದು ಪಾಲು ದಾಟಿತು. 2022ರ ಡಿಸೆಂಬರ್‌ನಲ್ಲಿ ಜಿ-7 ಅನ್ನುವ ಶ್ರೀಮಂತ ದೇಶಗಳ ಕೂಟ ಹಾಕಿದ್ದು ಬ್ಯಾರೆಲ್ಲಿಗೆ 60 ಡಾಲರ್ ಮಿತಿ. ಕೊಳ್ಳಬೇಡಿ ಅಂತ ಅಲ್ಲ, ಇದಕ್ಕಿಂತ ಜಾಸ್ತಿ ಕೊಟ್ಟು ಕೊಳ್ಳಬೇಡಿ ಅಂತ. 2024ರ ಮೇಯಲ್ಲಿ ಭಾರತದಲ್ಲಿದ್ದ ಅಮೆರಿಕದ ರಾಯಭಾರಿ ಎರಿಕ್ ಗಾರ್ಸೆಟ್ಟಿ ವಾಷಿಂಗ್ಟನ್ನಿನಲ್ಲಿ ಬಾಯಿಬಿಟ್ಟೇ ಹೇಳಿದರು: ಮಿತಿಯ ದರದಲ್ಲಿ ಯಾರಾದರೂ ರಷ್ಯಾದ ತೈಲ ಕೊಳ್ಳಲಿ ಅಂತ ನಾವೇ ಬಯಸಿದ್ದೆವು, ಬೆಲೆ ಏರಬಾರದು ಅಂತ ನೀತಿಯನ್ನು ಹಾಗೇ ಮಾಡಿದ್ದೆವು, ಭಾರತ ಅದನ್ನು ಮಾಡಿಕೊಟ್ಟಿತು. ಹದಿನೈದು ತಿಂಗಳು ಕಳೆದು 2025ರ ಆಗಸ್ಟ್ ಬಂತು. ಅದೇ ತೈಲ ಕೊಂಡದ್ದಕ್ಕೆ ನಮ್ಮ ಸರಕಿನ ಮೇಲೆ ಅಮೆರಿಕ ಇನ್ನೂ 25 ಪರ್ಸೆಂಟ್ ಸುಂಕ ಹಾಕಿತು, ಒಟ್ಟು 50 ಆಯಿತು. ಅಮೆರಿಕಕ್ಕೆ ಸೀಗಡಿ, ಗೋಡಂಬಿ ಕಳಿಸುವವರಿಗೆ ಇದರ ಬಿಸಿ ಏನು ಅಂತ ನಮ್ಮ ಕಡೆ ವಿವರಿಸಬೇಕಾಗಿಲ್ಲ. ಅತ್ತ ಯುರೋಪ್ ಆ ವರ್ಷವೂ ರಷ್ಯಾದ ದ್ರವೀಕೃತ ಅನಿಲ ಹಡಗಿನಲ್ಲಿ ತರಿಸಿಕೊಳ್ಳುತ್ತಲೇ ಇತ್ತು.

ಹೋಟೆಲ್ ಟೇಬಲ್ಲಿನಲ್ಲಿ ಹೇಳಬೇಕಾದ್ದು ಇದು. ತಾರೀಕು ಇದೆ, ಹೆಸರು ಇದೆ, ಅವರದೇ ಬಾಯಿಮಾತು ಇದೆ. 'ಅಮೆರಿಕ ಭಾರತದ ವೈರಿ' ಅಂತೆಲ್ಲ ಗಂಟಲು ಹರಿದುಕೊಳ್ಳುವ ಅಗತ್ಯವೇ ಇಲ್ಲ.

ಇದರ ಜೊತೆ ಇನ್ನೊಂದು ಪ್ರಶ್ನೆಯನ್ನೂ ಕೇಳಿ, ಇದು ನಮ್ಮವರಿಗೆ ಸ್ವಲ್ಪ ಕಿರಿಕಿರಿ ಮಾಡುತ್ತದೆ. ರಷ್ಯಾದ ತೈಲ ಅಗ್ಗಕ್ಕೆ ಸಿಕ್ಕಿತಲ್ಲ, ಬಂಕಿನಲ್ಲಿ ಎಷ್ಟು ಕಡಿಮೆಯಾಯಿತು? 2022ರ ಮೇ ನಂತರ ಹೆಚ್ಚುಕಡಿಮೆ ಎರಡು ವರ್ಷ ದರ ಅಲುಗಾಡಲೇ ಇಲ್ಲ, 2024ರ ಮಾರ್ಚ್‌ನಲ್ಲಿ, ಲೋಕಸಭಾ ಚುನಾವಣೆ ಹತ್ತಿರ ಬಂದಾಗ, ಲೀಟರಿಗೆ 2 ರೂಪಾಯಿ ಇಳಿಯಿತು. ಯುರೋಪಿನವರ ಲೆಕ್ಕ ಕೇಳುವವರು ಇಲ್ಲಿನ ಲೆಕ್ಕವನ್ನೂ ಕೇಳಬೇಕಲ್ವಾ?

ಶಾಂತಿ ಮಾತುಕತೆಯನ್ನು ಕೆಡಿಸಿದ್ದು ಯಾರು?

ಇದು ಸ್ವಲ್ಪ ಸಿಕ್ಕು. 'ಬೋರಿಸ್ ಜಾನ್ಸನ್ ಕೀವ್‌ಗೆ ಹೋಗಿ ಶಾಂತಿ ಒಪ್ಪಂದ ಹಾಳು ಮಾಡಿದ' ಅನ್ನುವ ಮಾತು ನೀವೂ ಕೇಳಿರುತ್ತೀರಿ. ಅರ್ಧ ನಿಜ, ಆದ್ದರಿಂದಲೇ ಎಚ್ಚರ ಬೇಕು.

2022ರ ಮಾರ್ಚ್ 29ಕ್ಕೆ ಇಸ್ತಾಂಬುಲ್‌ನಲ್ಲಿ ಎರಡೂ ಕಡೆಯವರು ಕೂತು ಒಂದು ಚೌಕಟ್ಟು ಮಾಡಿಕೊಂಡಿದ್ದರು. ಉಕ್ರೇನ್ ತಟಸ್ಥ ದೇಶವಾಗುತ್ತದೆ, ವಿದೇಶಿ ಸೇನಾ ನೆಲೆ ಇರುವುದಿಲ್ಲ, ಅದಕ್ಕೆ ಬದಲಾಗಿ ದೊಡ್ಡ ದೇಶಗಳು ಭದ್ರತೆಯ ಖಾತ್ರಿ ಕೊಡಬೇಕು, ಕ್ರಿಮಿಯಾ ಬಗ್ಗೆ 15 ವರ್ಷ ಮಾತಾಡೋಣ. ಏಪ್ರಿಲ್ 9ಕ್ಕೆ ಬ್ರಿಟನ್ ಪ್ರಧಾನಿ ಜಾನ್ಸನ್ ಕೀವ್‌ಗೆ ಬಂದರು. ಉಕ್ರೇನಿನ ನಿಯೋಗದ ನಾಯಕರಾಗಿದ್ದ ಡೇವಿಡ್ ಅರಾಖಾಮಿಯಾ 2023ರ ನವೆಂಬರ್‌ನಲ್ಲಿ ಟೀವಿ ಸಂದರ್ಶನದಲ್ಲಿ ಹೇಳಿದ್ದು ಏನೆಂದರೆ, ರಷ್ಯಾದವರ ಜೊತೆ ಏನಕ್ಕೂ ಸಹಿ ಹಾಕಬೇಡಿ, ಯುದ್ಧ ಮಾಡೋಣ ಅಂತ ಜಾನ್ಸನ್ ಹೇಳಿದರು ಅಂತ. ಇಲ್ಲಿಯವರೆಗೆ ಫಾರ್ವರ್ಡ್ ಸರಿ.

ಆದರೆ ಅದೇ ಸಂದರ್ಶನದಲ್ಲಿ ಅರಾಖಾಮಿಯಾ ಇನ್ನೂ ಎರಡು ಮಾತು ಹೇಳಿದ್ದಾರೆ, ಅದು ಮಾತ್ರ ಫಾರ್ವರ್ಡಿನಲ್ಲಿ ಕಾಣೆ. ಸಂವಿಧಾನ ಬದಲಿಸಬೇಕಿತ್ತು, ಮತ್ತು ರಷ್ಯಾ ಮಾತಿಗೆ ನಿಲ್ಲುತ್ತದೆ ಅಂತ ನಮಗೆ ನಂಬಿಕೆ ಇರಲಿಲ್ಲ. ನಡುವೆ ಏಪ್ರಿಲ್ ಮೊದಲ ವಾರದಲ್ಲಿ ಬುಚಾ ಪಟ್ಟಣದಿಂದ ರಷ್ಯಾ ಸೈನ್ಯ ಹಿಂದೆ ಸರಿದ ಮೇಲೆ ಬೀದಿಯಲ್ಲಿ ನಾಗರಿಕರ ಹೆಣಗಳು ಸಿಕ್ಕಿದ್ದವು. ಇನ್ನೊಂದು ಮುಖ್ಯ ವಿಷಯ, ಖಾತ್ರಿ ಕೊಟ್ಟ ದೇಶಗಳು ನೆರವಿಗೆ ಬರಬೇಕಾದರೆ ರಷ್ಯಾದ ಒಪ್ಪಿಗೆಯೂ ಬೇಕು ಅಂತ ಏಪ್ರಿಲ್ ಮಧ್ಯದ ಕರಡಿನಲ್ಲಿ ರಷ್ಯಾ ಪಟ್ಟು ಹಿಡಿಯಿತು. ಹೊಡೆಯುವವನ ಒಪ್ಪಿಗೆ ಪಡೆದು ಬಿಡಿಸಲು ಬರಬೇಕಂತೆ.

ಹಾಗಾದರೆ ನಾವು ಹೇಳಬೇಕಾದ್ದೇನು? ಮಾತುಕತೆ ನಡೆಯುತ್ತಿದ್ದಾಗ ಪಶ್ಚಿಮದ ನಾಯಕರು ಅದಕ್ಕೆ ಹೆಗಲು ಕೊಡಲಿಲ್ಲ, ಯುದ್ಧ ಗೆಲ್ಲಬಹುದು ಅನ್ನುವ ಕಡೆಗೇ ದೂಡಿದರು, ಸಾಯುವವರು ಅವರ ಮಕ್ಕಳಾಗಿರಲಿಲ್ಲ. ಇಷ್ಟು ಹೇಳಿ. 'ಸಹಿ ಬೀಳುವುದಿತ್ತು, ಜಾನ್ಸನ್ ಪೆನ್ನು ಕಿತ್ತುಕೊಂಡ' ಅನ್ನಬೇಡಿ.

ಭಾರತ ಮತ ಹಾಕದೇ ಕೂತದ್ದು ರಷ್ಯಾಕ್ಕೆ ಜೈ ಅಂದದ್ದಲ್ಲ

2022ರ ಮಾರ್ಚ್ 2ಕ್ಕೆ ವಿಶ್ವಸಂಸ್ಥೆ ಮಹಾಸಭೆಯಲ್ಲಿ ರಷ್ಯಾ ವಿರುದ್ಧದ ನಿರ್ಣಯಕ್ಕೆ 141 ದೇಶ ಪರ, 5 ವಿರೋಧ, 35 ತಟಸ್ಥ. ಭಾರತ ಆ 35ರಲ್ಲಿ ಒಂದು. 141ರಲ್ಲಿ ಕೀನ್ಯಾ, ಬ್ರೆಜಿಲ್, ಇಂಡೋನೇಷ್ಯಾ ಎಲ್ಲ ಇದ್ದವು, ಹಾಗಾಗಿ 'ಬಿಳಿಯರು ಮಾತ್ರ ರಷ್ಯಾಕ್ಕೆ ವಿರುದ್ಧ' ಅನ್ನುವುದು ನಡೆಯುವುದಿಲ್ಲ. ಮತ ಹಾಕದೇ ಇದ್ದಾಗ ಭಾರತ ಯಾಕೆ ಅಂತ ವಿವರಣೆ ಕೊಡುತ್ತದೆ, ಅದನ್ನು ಹುಡುಕಿ ಓದಿ. ಎಲ್ಲ ದೇಶಗಳ ಸಾರ್ವಭೌಮತ್ವ, ಗಡಿ ಗೌರವಿಸಬೇಕು ಅಂತ ಅದರಲ್ಲಿ ಇರುತ್ತದೆ. ಬುಚಾ ಹತ್ಯೆಗಳನ್ನು ಭಾರತ ಖಂಡಿಸಿ ಸ್ವತಂತ್ರ ತನಿಖೆ ಬೇಕು ಅಂದಿತ್ತು. ಇದು ಯುದ್ಧದ ಕಾಲವಲ್ಲ ಅಂತ ಆ ಸೆಪ್ಟೆಂಬರ್‌ನಲ್ಲಿ ಸಮರ್ಕಂದ್‌ನಲ್ಲಿ ಮೋದಿಯವರು ಪುಟಿನ್ ಎದುರೇ ಹೇಳಿದರು. ಯುರೋಪಿನ ಸಮಸ್ಯೆ ಜಗತ್ತಿನ ಸಮಸ್ಯೆ, ಜಗತ್ತಿನ ಸಮಸ್ಯೆ ಯುರೋಪಿನದಲ್ಲ ಅನ್ನುವ ಮನಸ್ಥಿತಿಯಿಂದ ಹೊರಬನ್ನಿ ಅಂತ ಜೈಶಂಕರ್ ಹೇಳಿದ ರೀಲ್ ಎಲ್ಲರ ಮೊಬೈಲಿನಲ್ಲೂ ಇದೆ. ಸಮರ್ಕಂದ್‌ನದ್ದು ಅಷ್ಟು ಜನರ ಹತ್ತಿರ ಇಲ್ಲ. ಎರಡನ್ನೂ ಇಟ್ಟುಕೊಳ್ಳಿ.

ತಮಾಷೆ ನೋಡಿ, 2025ರ ಫೆಬ್ರವರಿ 24ಕ್ಕೆ, ಯುದ್ಧಕ್ಕೆ ಮೂರು ವರ್ಷ ತುಂಬಿದ ದಿನ, ರಷ್ಯಾವನ್ನು ಖಂಡಿಸುವ ನಿರ್ಣಯಕ್ಕೆ ಅಮೆರಿಕವೇ ವಿರುದ್ಧ ಮತ ಹಾಕಿತು, ರಷ್ಯಾ ಜೊತೆ ಸೇರಿ. ಭಾರತ ಆಗಲೂ ತಟಸ್ಥ. ಮೂರು ವರ್ಷ ನಮಗೆ ನೀತಿಪಾಠ ಹೇಳಿದವರು ಎಲ್ಲಿಗೆ ಹೋಗಿ ನಿಂತರು!

ಮನೆಯಲ್ಲಿ ಮಾತಾಡುವಾಗ

ಮಾವನೋ ದೊಡ್ಡಪ್ಪನೋ ಗ್ರೂಪಿನಲ್ಲಿ ಸುಳ್ಳು ವಿಡಿಯೋ ಹಾಕಿದರೆ ಅಲ್ಲೇ ಎಲ್ಲರ ಎದುರು ತಿದ್ದಬೇಡಿ. ಮರ್ಯಾದೆ ಹೋಯಿತು ಅಂತ ಇನ್ನೂ ನಾಲ್ಕು ಹಾಕುತ್ತಾರೆ. ಅವರಿಗೆ ಬೇರೆಯಾಗಿ ಕಳಿಸಿ, 'ಮಾವ, ಇದು ಗೇಮಿನದ್ದಂತೆ, ಒಮ್ಮೆ ನೋಡಿ' ಅಂತ. ತೆಗೆದರೆ ತೆಗೆದರು.

ಕೊನೆಗೆ ಒಂದು ವಿಷಯ, ಇದರಲ್ಲಿ ವಾದ ಇಲ್ಲ, ಕೆಲಸ ಇದೆ. 'ರಷ್ಯಾ ನಮ್ಮ ಹಳೇ ದೋಸ್ತಿ' ಅನ್ನುವ ಭಾವನೆಯನ್ನೇ ಬಂಡವಾಳ ಮಾಡಿಕೊಂಡ ಏಜೆಂಟರಿದ್ದಾರೆ. ಹೆಲ್ಪರ್ ಕೆಲಸ, ಸೆಕ್ಯೂರಿಟಿ ಕೆಲಸ, ಲಕ್ಷದ ಸಂಬಳ ಅಂತ ಕರೆದುಕೊಂಡು ಹೋಗಿ ಭಾರತದ ಹುಡುಗರನ್ನು ರಷ್ಯಾ ಸೈನ್ಯಕ್ಕೆ ತಳ್ಳಿದ್ದಾರೆ. ಕಲಬುರಗಿ ಕಡೆಯ ಹುಡುಗರೂ ಹಾಗೆ ಸಿಕ್ಕಿಬಿದ್ದು 2024ರಲ್ಲಿ ವಾಪಸ್ ಬಂದರು, ಕೆಲವು ಭಾರತೀಯರು ಬರಲೇ ಇಲ್ಲ. ಆ ವರ್ಷ ಸಿಬಿಐ ಕೇಸು ಹಾಕಿತು. ಇಂಥ ಆಫರ್ ಬಂದರೆ ದೂರ ಇರಿ ಅಂತ ವಿದೇಶಾಂಗ ಸಚಿವಾಲಯ 2025ರ ಸೆಪ್ಟೆಂಬರ್‌ನಲ್ಲಿ ಮತ್ತೆ ಎಚ್ಚರಿಸಿತು. ನಮ್ಮ ಊರಿನಿಂದ ಹಡಗಿಗೆ, ಗಲ್ಫಿಗೆ, ಯುರೋಪಿಗೆ ಹೋಗುವ ಹುಡುಗರು ಜಾಸ್ತಿ, ಏಜೆಂಟರೂ ಜಾಸ್ತಿ. ಯಾರಾದರೂ ರಷ್ಯಾಕ್ಕೆ ಹೊರಟಿದ್ದಾರೆ ಅಂತ ಕೇಳಿದರೆ, ಏಜೆಂಟರ ನೋಂದಣಿ ಸಂಖ್ಯೆ ಕೇಳಿ, ಇ-ಮೈಗ್ರೇಟ್ ಜಾಲತಾಣದಲ್ಲಿ ಅದು ಇದೆಯಾ ನೋಡಿ, ಕೆಲಸದ ಒಪ್ಪಂದ ರಷ್ಯನ್ ಭಾಷೆಯಲ್ಲಿ ಮಾತ್ರ ಇದ್ದರೆ ಸಹಿ ಹಾಕಬೇಡ ಅಂತ ಹುಡುಗನಿಗೆ ಹೇಳಿ, ಪಾಸ್‌ಪೋರ್ಟನ್ನು ಯಾರ ಕೈಗೂ ಬಿಟ್ಟುಕೊಡಬೇಡ ಅಂತಲೂ ಹೇಳಿ. ನಂಬರ್ ಕೊಡಲು ಏಜೆಂಟ್ ತಡವರಿಸಿದರೆ ಹತ್ತಿರದ ಠಾಣೆಗೆ ಹೋಗಿ ವಿಷಯ ತಿಳಿಸಿ.